ಗಂಟು ಹುಡುಕಿ ಕೊಡುವ ಎನಿಫಾ ಅಮಾಯಿ

ಶನಿವಾರ ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಜೊಂಬಾ ಬೆಟ್ಟದಿಂದ ಇಳಿದ ಜೂನ್ ತಿಂಗಳ ಮಂಜುಮಳೆ ತಗಡಿನ ಮಾಡಿನ ಮೇಲೆ ಪಿಸಪಿಸ ಎನ್ನುತ್ತಿದೆ. ಪಟ್ಟಣದ ಹಳೆಯ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಊರೆಲ್ಲ ಅಮಾಯಿ, ಅಂದರೆ ಅಮ್ಮ, ಎಂದು ಕರೆಯುವ ಎನಿಫಾ ಮಕ್ವಿಂಜಾ ಹೊದೆಯುವ ಬಟ್ಟೆಯನ್ನು ಹೆಗಲಿಗೆ ಎರಡು ಸುತ್ತು ಸುತ್ತಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಕಪ್ಪು ಪರದೆ, ಬಿಳಿ ಅಕ್ಷರ. ಪಕ್ಕದಲ್ಲಿ ತಗಡಿನ ಲೋಟದಲ್ಲಿ ಚಹಾ ಆರಿ ಕೆನೆಗಟ್ಟಿದೆ. ಒಂದು ಗುಟುಕೂ ಕುಡಿದಿಲ್ಲ.

ಶನಿವಾರ ಅವರಿಗೆ ರಜೆ. ಆದರೆ ನಿನ್ನೆ ಮಧ್ಯಾಹ್ನ ಅವರು ಒಬ್ಬರಿಗೆ “ಇಲ್ಲ” ಎಂದಿದ್ದಾರೆ. ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ.

ಕೇಳಿದವರು ವೈಸನ್ ಕುಂಜೆ ಮೇಷ್ಟ್ರು. ಊರಾಚೆಯ ಅಂಧ ವಿದ್ಯಾರ್ಥಿಗಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಕುಂಜೆ ಅವರಿಗೂ ಹುಟ್ಟಿನಿಂದ ಕಣ್ಣು ಕಾಣಿಸದು. ಸೋಮವಾರ ಅಲ್ಲಿನ ಒಂಬತ್ತು ಮಂದಿ ವಿದ್ಯಾರ್ಥಿಗಳು ಶಿಕ್ಷಕರ ತರಬೇತಿ ಕಾಲೇಜಿನ ಪ್ರವೇಶ ಪರೀಕ್ಷೆ ಬರೆಯಬೇಕು. ಪ್ರಶ್ನೆಪತ್ರಿಕೆ ಪೆನ್‌ಡ್ರೈವಿನಲ್ಲಿ ಕಂಪ್ಯೂಟರಿನ ಕಡತವಾಗಿ ಬರುತ್ತದೆ. ಅದನ್ನು ಬೆರಳಿನಲ್ಲಿ ಓದುವ ಬ್ರೈಲ್ ಚುಕ್ಕಿಗಳಾಗಿ ದಪ್ಪ ಹಾಳೆಯ ಮೇಲೆ ಒತ್ತಿಕೊಳ್ಳುವುದು ಶಾಲೆಯ ಕೆಲಸ. ಒತ್ತುವ ಯಂತ್ರ ಗಟ್ಟಿಮುಟ್ಟಾಗಿದೆ. ಅದನ್ನು ನಡೆಸುತ್ತಿದ್ದ ಹಳೆಯ ಕಂಪ್ಯೂಟರ್ ಮಾತ್ರ ಗುರುವಾರ ಕಣ್ಮುಚ್ಚಿತು.

“ಅಮಾಯಿ, ಹೊಸ ಕಂಪ್ಯೂಟರ್ ಕೊಟ್ಟಿದ್ದಾರೆ, ಚೆನ್ನಾಗಿ ಮಾತಾಡುತ್ತೆ, ನಮ್ಮ ಹೆಡ್‌ಮಾಸ್ಟರಿಗಿಂತ ಸ್ಪಷ್ಟವಾಗಿ,” ಎಂದಿದ್ದರು ಕುಂಜೆ ಫೋನಿನಲ್ಲಿ. “ಆದ್ರೆ ಚುಕ್ಕಿ ಒತ್ತು ಅಂದ್ರೆ ಅದ್ಯಾವುದೋ ಕಡತ ಇಲ್ಲ ಅಂತ ಗೊಣಗುತ್ತೆ. ನಿಮ್ಮ ಉಗ್ರಾಣದಲ್ಲಿ ಇದಕ್ಕೆ ಔಷಧಿ ಇದೆಯಾ?”

ಎನಿಫಾ ಹುಡುಕಿದ್ದರು. ಮೂರು ಸಲ ಹುಡುಕಿದ್ದರು. “ಇಲ್ಲ ಮೇಷ್ಟ್ರೇ. ಅಂಥದ್ದು ನಮ್ಮಲ್ಲಿ ಇಲ್ಲ.”

“ನೀವೇ ಇಲ್ಲ ಅಂದ ಮೇಲೆ ಇನ್ಯಾರನ್ನ ಕೇಳ್ಲಿ? ಹೋಗ್ಲಿ ಬಿಡಿ. ಓದಿ ಹೇಳೋರನ್ನೇ ಕರೆಸ್ತೀನಿ.”

ಓದಿ ಹೇಳುವವರು ಎಂದರೆ ಪ್ರಶ್ನೆಯನ್ನು ಗಟ್ಟಿಯಾಗಿ ಓದುವ ಹೊರಗಿನ ಮನುಷ್ಯ. ಹೋದ ವರ್ಷವೂ ಕರೆಂಟು ಕೈಕೊಟ್ಟು ಹಾಗೇ ಆಗಿತ್ತು. ಫಾಯಿನೆಸ್ ಎಂಬ ಹತ್ತೊಂಬತ್ತರ ಹುಡುಗಿ ಲೆಕ್ಕದಲ್ಲಿ ತರಗತಿಗೇ ಮುಂದು. ಓದಿದಾತನಿಗೆ ಊರಿಗೆ ಹೋಗುವ ಅವಸರ. ಲೆಕ್ಕದ ಆವರಣಚಿಹ್ನೆ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎನ್ನುವುದನ್ನೆಲ್ಲ ಒಂದೇ ಉಸಿರಿನಲ್ಲಿ ನುಂಗಿಬಿಟ್ಟ. ಮೂರು ಅಂಕದಿಂದ ಅವಳಿಗೆ ಸೀಟು ತಪ್ಪಿಹೋಯಿತು. ಈ ಸಲವೂ ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತದೆ, ಕಾಲೇಜಿನ ಬಾಗಿಲು ಮುಚ್ಚಿದ ಹಾಗೆ.

ಈ ಕೋಣೆ ಏನು ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಜಿಲ್ಲೆಯ ಹದಿನೇಳು ಆರೋಗ್ಯ ಕೇಂದ್ರ, ಹನ್ನೊಂದು ಶಾಲೆ, ಎರಡು ಚರ್ಚು, ಒಂದು ಮೀನುಗಾರರ ಸಂಘ, ಎಲ್ಲ ಸೇರಿ ನಲವತ್ತಾರು ಕಂಪ್ಯೂಟರುಗಳಲ್ಲಿ ಯಾರೂ ಕಾಸು ಕೊಡಬೇಕಿಲ್ಲದ ತಂತ್ರಾಂಶಗಳೇ ಓಡುತ್ತವೆ. ಅಂಥ ಒಂದೊಂದು ತಂತ್ರಾಂಶವೂ ಒಂದು ಪ್ಯಾಕೇಜಾಗಿ ಬರುತ್ತದೆ. ಇಲ್ಲಿಯವರು ಅದಕ್ಕೆ ಗಂಟು ಎನ್ನುತ್ತಾರೆ, ಸೌದೆ ಗಂಟು ಎಂದ ಹಾಗೆ. ಜಗತ್ತಿನ ಬೇರೆ ಊರುಗಳಲ್ಲಿ ಬೇಕಾದ ಗಂಟನ್ನು ಇಂಟರ್ನೆಟ್ಟಿನಿಂದ ನೇರ ಇಳಿಸಿಕೊಳ್ಳುತ್ತಾರೆ. ಇಲ್ಲಿ ಒಂದು ಗಂಟು ಇಳಿಯುವಷ್ಟರಲ್ಲಿ ಜೋಳದ ಹಿಟ್ಟು ಮುದ್ದೆಯಾಗಿ, ತಿಂದು, ಪಾತ್ರೆ ತೊಳೆದೂ ಆಗಿರುತ್ತದೆ. ಹಾಗಾಗಿ ಅರವತ್ತು ಸಾವಿರ ಗಂಟುಗಳ ನಕಲನ್ನು ಎನಿಫಾ ಈ ಕೋಣೆಯ ಒಂದು ಕಪ್ಪು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಯಾವ ಗಂಟಿನಲ್ಲಿ ಏನಿದೆ ಎಂದು ಬರೆದ ಒಂದು ಪಟ್ಟಿ ಇದೆ. ಹುಡುಕುವುದು ಎಂದರೆ ಆ ಪಟ್ಟಿಯಲ್ಲಿ ಹುಡುಕುವುದು. ಹುಡುಕಿ ತಂದುಕೊಡುವ ಉಗ್ರಾಣಿಯ ಹೆಸರು ‘ಆಪ್ಟ್’. ಅದೂ ಒಂದು ತಂತ್ರಾಂಶವೇ. ಎನಿಫಾ ಅದರ ಬಗ್ಗೆ ಮಾತಾಡುವಾಗ ಸ್ವಲ್ಪ ಮೊಂಡ, ಆದರೆ ಸುಳ್ಳು ಹೇಳದ ಭಾವಮೈದುನನ ಬಗ್ಗೆ ಮಾತಾಡಿದ ಹಾಗಿರುತ್ತದೆ.

“ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಡ್ತಾನೆ. ಕೇಳೋದು ಹೇಗೆ ಅನ್ನೋದು ನಮ್ಮ ತಲೆನೋವು,” ಎನ್ನುತ್ತಾರೆ.

ಎನಿಫಾಗೆ ಈಗ ಐವತ್ತನಾಲ್ಕು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಇದೇ ಗ್ರಂಥಾಲಯಕ್ಕೆ ನೆಲ ಒರೆಸುವ ಕೆಲಸಕ್ಕೆ ಸೇರಿದವರು. ಒರೆಸುತ್ತ ಒರೆಸುತ್ತ ಪುಸ್ತಕದ ಕಾರ್ಡುಗಳ ಅರೆಗಳನ್ನು ಜೋಡಿಸುವುದು ಕಲಿತರು. ಕಾರ್ಡುಗಳನ್ನು ಗುಜರಿಗೆ ಹಾಕಿದ ದಿನ ಅತ್ತುಬಿಟ್ಟರು. ಆ ಅರೆಗಳಲ್ಲಿ ಒಂದು ಈಗಲೂ ಅವರ ಅಡುಗೆಮನೆಯಲ್ಲಿದೆ, ಈರುಳ್ಳಿ ತುಂಬಿಕೊಂಡು. ಕಾರ್ಡಿನ ಜಾಗಕ್ಕೆ ಕಂಪ್ಯೂಟರ್ ಬಂತು, ಅದನ್ನು ಮುಟ್ಟುವವರು ಯಾರೂ ಇರಲಿಲ್ಲ. ಊಟದ ಬಿಡುವಿನಲ್ಲಿ ಕೂತು, ಪರದೆಯೇ ತೋರಿಸುವ ಸಹಾಯದ ಪುಟಗಳನ್ನು ಓದಿ, ಅರ್ಥವಾಗದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮೂರು ವರ್ಷದಲ್ಲಿ ಕಲಿತರು. ಯಾವ ಸರ್ಟಿಫಿಕೇಟೂ ಇಲ್ಲ. “ನಾನು ಓದಿರೋದು ಎಂಟನೇ ಕ್ಲಾಸು, ಒರೆಸಿರೋದು ಎಲ್ಲಾ ಕ್ಲಾಸು,” ಎಂದು ನಗುತ್ತಾರೆ.

ದಿನಕ್ಕೆ ಇಪ್ಪತ್ತು ಫೋನಾದರೂ ಬರುತ್ತದೆ. ಒಬ್ಬರಿಗೂ ತಮಗೆ ಬೇಕಾದ ತಂತ್ರಾಂಶದ ಹೆಸರು ಗೊತ್ತಿರುವುದಿಲ್ಲ. ಎದೆಯ ಎಕ್ಸ್‌ರೇ ತೆರೆಯುವಂಥದ್ದು ಬೇಕು. ಕೂಸುಗಳ ತೂಕದ ಗೆರೆ ಎಳೆಯುವಂಥದ್ದು ಬೇಕು. ಮೇ ತಿಂಗಳಲ್ಲಿ ಚರ್ಚಿನ ಹಾಡಿನ ಮೇಷ್ಟ್ರೊಬ್ಬರು ಬಂದು, “ಹಾಡು ನಿಧಾನ ಆಗ್ಬೇಕು ಅಮಾಯಿ, ಕಲಿಸೋಕೆ. ಆದ್ರೆ ಹಾಡೋ ಹೆಂಗಸು ಗಂಡಸಾಗಿಬಿಡಬಾರ್ದು,” ಎಂದು ಕೈಮುಗಿದರು. ಎನಿಫಾ ನಗಲಿಲ್ಲ. ಹಾಗೆ ಹೇಳಿದ್ದೇ ಒಳ್ಳೆಯದಾಯಿತು ಎಂದರು.

“ಹೆಸರು ಯಾಕೆ ಬೇಕು? ಅದು ಏನು ಕೆಲಸ ಮಾಡ್ಬೇಕು ಹೇಳಿ. ಪಟ್ಟಿಯಲ್ಲಿ ಪ್ರತಿ ಗಂಟಿನ ಮುಂದೆ ಒಂದು ಸಾಲು ಬರೆದಿರ್ತಾರೆ, ಇದು ಇಂಥ ಕೆಲಸಕ್ಕೆ ಅಂತ. ನಾನು ಹೆಸರಲ್ಲಿ ಹುಡುಕ್ತೀನಿ, ಸಿಗದಿದ್ರೆ ಆ ಸಾಲಲ್ಲಿ ಹುಡುಕ್ತೀನಿ. ಅದೂ ಆಗದಿದ್ರೆ, ಯಾವ ಗಂಟಿನ ಹೊಟ್ಟೆಯಲ್ಲಿ ಯಾವ ಕಡತ ಇದೆ ಅಂತ ನೋಡ್ತೀನಿ. ಎಷ್ಟೋ ಸಲ ಎಲ್ಲಾ ಹುಡುಕಿ ಆದ್ಮೇಲೆ ಗೊತ್ತಾಗುತ್ತೆ, ಆ ಗಂಟು ಆಗ್ಲೇ ಅವರ ಕಂಪ್ಯೂಟರಿನಲ್ಲೇ ಇತ್ತು ಅಂತ. ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲಾ ಹುಡುಕೋರ ಹಾಗೆ.”

ಈ ಪಟ್ಟಿ ಜಿಲ್ಲೆಯಲ್ಲಿ ಓಡಾಡುವ ಬಗೆ ಬೇರೆ. ಶುಕ್ರವಾರ ಪಟ್ಟಿಯ ದಿನ. ಮಿನಿಬಸ್ಸಿನ ಕಂಡಕ್ಟರುಗಳು ಊರೂರಿನಿಂದ ಪೆನ್‌ಡ್ರೈವ್ ತರುತ್ತಾರೆ, ಕಾಗದದಲ್ಲಿ ಸುತ್ತಿ, ಒಣಮೀನಿನ ವಾಸನೆಯ ಸಮೇತ. ಯಾವ ಊರು ಎಷ್ಟು ಹಳೆಯ ಪಟ್ಟಿ ನೋಡಿಕೊಂಡು ಕೂತಿದೆ ಎಂದು ತಿಳಿಯಲಿ ಎಂದು ಅವರವರ ಪಟ್ಟಿಯ ನಕಲೂ ಅದರಲ್ಲಿರುತ್ತದೆ. ಎನಿಫಾ ಅದನ್ನು ನೋಡಿ, ಬೈದು, ಹೊಸ ಪಟ್ಟಿ ತುಂಬಿ, ಕೇಳಿದ ಗಂಟುಗಳನ್ನೂ ಹಾಕಿ ಅದೇ ಬಸ್ಸಿಗೆ ವಾಪಸ್ ಕೊಡುತ್ತಾರೆ.

ಪಟ್ಟಿ ಹಳೆಯದಾದರೆ ಏನಾಗುತ್ತದೆ ಎನ್ನುವುದನ್ನು ಹತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದವರು ಅವರೇ. ಉಗ್ರಾಣದಲ್ಲಿ ಸಾಮಾನು ಇದ್ದರೂ ಪಟ್ಟಿಯಲ್ಲಿ ಇಲ್ಲದಿದ್ದರೆ ಉಗ್ರಾಣಿ ಇಲ್ಲವೆಂದೇ ಹೇಳುತ್ತಾನೆ. “ಸಿಗ್ಲಿಲ್ಲ ಅನ್ನೋಕೆ ಮುಂಚೆ, ಖಂಡಿತ ಇದೆ ಅಂತ ಗೊತ್ತಿರೋ ಒಂದನ್ನ ಹುಡುಕಿ ನೋಡಿ. ಅದೂ ಸಿಗದಿದ್ರೆ ತಪ್ಪು ಸಾಮಾನಿಂದಲ್ಲ, ಪಟ್ಟೀದು.”

ಈ ಬೆಳಗಿನ ಐದು ಗಂಟೆಗೆ, ಆರಿದ ಚಹಾದ ಪಕ್ಕದಲ್ಲಿ ಕೂತು, ಅವರು ತಮ್ಮ ಮಾತನ್ನು ತಮಗೇ ಹೇಳಿಕೊಳ್ಳುತ್ತಾರೆ. ಹಾಡು ನಿಧಾನ ಮಾಡುವ ಗಂಟು. ಮೇ ತಿಂಗಳಲ್ಲಿ ತಾವೇ ಹುಡುಕಿ, ತಾವೇ ಕೊಟ್ಟದ್ದು. ಬೆರಳು ಕೀಲಿಗಳ ಮೇಲೆ ಓಡುತ್ತದೆ. ಉಗ್ರಾಣಿ ಒಂದು ಗಳಿಗೆ ಯೋಚಿಸಿ ಏನೂ ತೋರಿಸದೆ ಸುಮ್ಮನಾಗುತ್ತಾನೆ.

“ಅಯ್ಯೋ ನನ್ನ ಹಣೆಬರಹವೇ!”

ಪಟ್ಟಿಯ ತಾರೀಖು ತೆಗೆದು ನೋಡುತ್ತಾರೆ. ಹೋದ ನವೆಂಬರಿನದು. ಶಾಲೆಗಳಿಗೆಂದೇ ತರಿಸಿದ ಏಪ್ರಿಲಿನ ಹೊಸ ಕಂತಿನ ಗಂಟುಗಳಲ್ಲಿ ಒಂದೂ ಅದರಲ್ಲಿಲ್ಲ, ಹಾಡಿನದೂ.

ಆದದ್ದು ಹೀಗೆ. ನಿನ್ನೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕರೆಂಟು ಹೋಗುವುದಿತ್ತು. ಹನ್ನೊಂದು ಪೆನ್‌ಡ್ರೈವ್ ಕಾದಿದ್ದವು, ಹೊರಗೆ ಮಿನಿಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ನಾಲ್ಕನೆಯದು ಕೆರೆಯ ಕಡೆಯ ಮೀನುಗಾರರ ಸಂಘದ್ದು, ವರ್ಷಕ್ಕೊಮ್ಮೆ ಮುಖ ತೋರಿಸುವಂಥದ್ದು. ಹೊಸ ಪಟ್ಟಿಯನ್ನು ಅದರೊಳಗೆ ತುಂಬುವ ಬದಲು, ಅದರೊಳಗಿದ್ದ ಹಳೆಯ ಪಟ್ಟಿಯನ್ನು ತಮ್ಮ ಕಂಪ್ಯೂಟರಿಗೇ ಸುರಿದುಕೊಂಡುಬಿಟ್ಟಿದ್ದಾರೆ. ನಾಲ್ಕನೆಯದರಿಂದ ಮುಂದಿನ ಊರುಗಳಿಗೆಲ್ಲ ಹೋದದ್ದು ಆ ಹಳೆಯದೇ.

ಗಂಟುಗಳೆಲ್ಲ ಡಬ್ಬಿಯೊಳಗೆ ಹಾಗೇ ಇವೆ. ಆದರೆ ಅರವತ್ತು ಸಾವಿರದಲ್ಲಿ ಯಾವುದೆಂದು ಯಾರನ್ನು ಕೇಳುವುದು? ಹೊಸ ಪಟ್ಟಿಯನ್ನು ಮತ್ತೆ ಇಳಿಸೋಣವೆಂದರೆ ಗುರುವಾರದ ಗಾಳಿಗೆ ಬೆಟ್ಟದ ಮೇಲಿನ ಕಂಬ ವಾಲಿದೆ. ನೆಟ್‌ವರ್ಕು ಮಾತಾಡಲಿಕ್ಕಷ್ಟೇ ಸಾಕು. ತಪ್ಪು ಮಾಡುವ ಮೊದಲು ಕಳಿಸಿದ ಪೆನ್‌ಡ್ರೈವ್‌ಗಳು ಮೂರು. ಒಂದು ದೂರದ ಊರಿಗೆ ಹೋಗಿದೆ, ಅಲ್ಲಿಗೆ ಬಸ್ಸು ಸೋಮವಾರವೇ. ಎರಡನೆಯದನ್ನು ಪಡೆದವರು ಫೋನ್ ಎತ್ತುವುದಿಲ್ಲ. ಮೂರನೆಯದು ಡೊಮಾಸಿ ಕಡೆಯ ಆರೋಗ್ಯ ಕೇಂದ್ರದ ನರ್ಸ್ ಟ್ರಿನೆಸ್ ಬಳಿ.

ಟ್ರಿನೆಸ್ ಒಂಬತ್ತನೇ ರಿಂಗಿಗೆ ಎತ್ತುತ್ತಾರೆ. “ಅಮಾಯಿ, ಇಷ್ಟು ಹೊತ್ತಿಗೆ? ಯಾರು ಹೋಗ್ಬಿಟ್ರು?”

“ಯಾರೂ ಹೋಗಿಲ್ಲ ತಾಯಿ. ನಿನ್ನೆ ಕಳಿಸಿದ ಪೆನ್‌ಡ್ರೈವ್ ಏನು ಮಾಡ್ದೆ?”

ಆ ಕಡೆಯಿಂದ ಸಣ್ಣ ದನಿ: “ಬೈಬೇಡಿ. ಇನ್ನೂ ಹಾಕೇ ಇಲ್ಲ. ಸೋಮವಾರ ಹಾಕೋಣ ಅಂತ...”

“ಬೈಯೋದಾ? ನಿನ್ನ ಸೋಮಾರಿತನ ನೂರು ವರ್ಷ ಬಾಳ್ಲಿ! ಎಲ್ಲಿದೆ ಅದು?”

“ಉಪ್ಪಿನ ಡಬ್ಬಿ ಮೇಲಿಟ್ಟಿದ್ದೆ... ಇರಿ... ರೀ! ಜೇಬಲ್ಲಿ ಏನದು? ತೆಗೀರಿ ಈಚೆ!” ಹಿಂದೆ ಗಂಡಸಿನ ದನಿ ಏನೋ ಸಮಜಾಯಿಷಿ ಹೇಳುತ್ತದೆ. “ಸಿಕ್ತು ಅಮಾಯಿ. ನಮ್ಮ ಯಜಮಾನ್ರು ಎಲ್ಲಾ ಅಳಿಸಿ ಫುಟ್‌ಬಾಲ್ ತುಂಬಿಸ್ಕೊಂಡು ಬರೋಕೆ ಹೊರಟಿದ್ರು. ಹೊಸಿಲು ದಾಟಿರ್ಲಿಲ್ಲ, ಪುಣ್ಯ.”

ಆರೂಕಾಲರ ಮಿನಿಬಸ್ಸಿನ ಕಂಡಕ್ಟರ್ ಮಸೌಕೊ ಅದನ್ನು ತರುತ್ತಾನೆ. ಅವನ ಬಸ್ಸು ಎಲ್ಲಿ ಕೈ ಅಡ್ಡ ಬಂದರೂ ನಿಲ್ಲುತ್ತದೆ. ಈ ದಿನ ಇಬ್ಬರನ್ನು ಹತ್ತಿಸಿಕೊಳ್ಳದೆ ಬಂದನಂತೆ. ಮಾರುಕಟ್ಟೆಯ ಬಳಿ ಎನಿಫಾ ಕೊಡೆಯಿಲ್ಲದೆ ನಿಂತಿರುವುದು ನೋಡಿ ಕಿಟಕಿಯಿಂದಲೇ ಕೂಗುತ್ತಾನೆ: “ಅಮಾಯಿ, ನನ್ನ ಬಸ್ಸಿಗೆ ನೀವು ಹೀಗೆ ಕಾದದ್ದು ನಾನು ಕಂಡೇ ಇಲ್ಲ! ಇದರಲ್ಲಿ ಚಿನ್ನ ಏನಾದ್ರೂ ಇದೆಯಾ?”

“ಪಟ್ಟಿ ಇದೆ ಅಣ್ಣ, ಪಟ್ಟಿ.”

“ಪಟ್ಟಿಗೆ ಇಷ್ಟಾ? ಗೊತ್ತಿದ್ರೆ ನಾನು ಮೆಲ್ಲಗೇ ಬರ್ತಿದ್ದೆ!”

ಏಳು ಗಂಟೆ. ಈ ಸಲ ಎನಿಫಾ ಯಾವುದನ್ನು ಯಾವುದಕ್ಕೆ ಸುರಿಯುತ್ತಿದ್ದೇನೆ ಎಂದು ಬೆರಳಿಟ್ಟು, ಬಾಯಿಬಿಟ್ಟು ಎರಡು ಸಲ ಓದಿಕೊಂಡು ನಕಲು ಮಾಡುತ್ತಾರೆ. ಹಾಡು ನಿಧಾನ ಮಾಡುವ ಗಂಟು ಥಟ್ಟನೆ ಸಿಗುತ್ತದೆ. ಎದೆಯ ಮೇಲೆ ಕೈಯಿಟ್ಟುಕೊಂಡು ಒಂದು ಉಸಿರು ಬಿಡುತ್ತಾರೆ. ಅರ್ಧ ಗೆದ್ದ ಹಾಗೆ.

ಉಳಿದರ್ಧ ಅಷ್ಟು ಸಲೀಸಲ್ಲ. ಚುಕ್ಕಿ ಒತ್ತುವ ಯಂತ್ರದ ಹೆಸರು ಕೊಟ್ಟರೆ ಪಟ್ಟಿ ಏನೂ ತೋರಿಸುವುದಿಲ್ಲ. ಬ್ರೈಲ್‌ನ ಕೆಲಸ ಮಾಡುವಂಥವು ಯಾವುವು ಎಂದು ಕೇಳಿದರೆ ಹನ್ನೊಂದು ಸಾಲು. ಬೆರಳಿನಲ್ಲಿ ಓದುವ ಪರದೆಗೆ ಒಂದು, ಕಲಿಯುವ ಆಟಕ್ಕೊಂದು, ಅಕ್ಷರದ ರೂಪಕ್ಕೊಂದು. ಹನ್ನೊಂದನ್ನೂ ಹಾಕಿ ನೋಡೋಣ ಎಂದರೆ ಪರೀಕ್ಷೆಯ ಕಂಪ್ಯೂಟರ್ ಅದು, ಪ್ರಯೋಗಕ್ಕಲ್ಲ. ಎನಿಫಾ ಕುಂಜೆ ಅವರಿಗೆ ಫೋನ್ ಮಾಡುತ್ತಾರೆ.

“ಮೇಷ್ಟ್ರೇ, ನಾನು ನಿನ್ನೆ ಇಲ್ಲ ಅಂದದ್ದು ತಪ್ಪು. ಹಳೇ ಪಟ್ಟಿ ನೋಡಿ ಹೇಳ್ಬಿಟ್ಟೆ. ತಪ್ಪು ನಂದೇ.”

“ನೀವೂ ತಪ್ಪು ಮಾಡ್ತೀರಾ? ಬರೆದಿಟ್ಕೋತೀನಿ ಇರಿ, ತಾರೀಖು ಸಮೇತ.”

“ಆಮೇಲೆ ಬರ್ಕೊಳ್ಳಿ. ಆ ಕಂಪ್ಯೂಟರು ಗೊಣಗುತ್ತೆ ಅಂದ್ರಲ್ಲ, ಏನಂತ ಗೊಣಗುತ್ತೆ? ಒಂದಕ್ಷರ ಬಿಡದೆ ಹೇಳಿ.”

ಕುಂಜೆ ಯಂತ್ರವನ್ನೇ ಮಾತಾಡಿಸಿ ಫೋನನ್ನು ಅದರ ಬಾಯಿಗೆ ಹಿಡಿಯುತ್ತಾರೆ. ಸಿಗದ ಕಡತದ ಹೆಸರನ್ನು ಅದು ಅಕ್ಷರ ಬಿಡಿಸಿ ಹೇಳುತ್ತದೆ. ಎನಿಫಾ ಬರೆದುಕೊಂಡು ಕೇಳುತ್ತಾರೆ: ಈ ಕಡತ ಯಾವ ಗಂಟಿನ ಹೊಟ್ಟೆಯಲ್ಲಿದೆ? ಉಗ್ರಾಣಿ ಈ ಸಲ ತುಂಬ ಹೊತ್ತು ತೆಗೆದುಕೊಳ್ಳುತ್ತಾನೆ. ಕೊನೆಗೆ ಒಂದೇ ಒಂದು ಸಾಲು ಬರುತ್ತದೆ. ಹನ್ನೊಂದರಲ್ಲಿ ಒಂಬತ್ತನೆಯದು. ಅದರ ಹೆಸರಿನಲ್ಲಿ ಬ್ರೈಲೂ ಇಲ್ಲ, ಒತ್ತುವುದೂ ಇಲ್ಲ. ಯಾರಿಗೂ ಗುಮಾನಿ ಬರುವಂಥ ಹೆಸರೇ ಅಲ್ಲ.

“ಇದ್ದೀಯಾ ಮಹರಾಯ,” ಎನ್ನುತ್ತಾರೆ ಎನಿಫಾ ಪರದೆಗೆ.

ಆ ಗಂಟನ್ನೂ, ಅದು ನಡೆಯಲು ಬೇಕಾದ ಇನ್ನೂ ನಾಲ್ಕು ಗಂಟುಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು, ಸೈಕಲ್ ಟ್ಯಾಕ್ಸಿಯ ಹಿಂದೆ ಕೂತು, ಒಂಬತ್ತರ ಹೊತ್ತಿಗೆ ಶಾಲೆ ಮುಟ್ಟುತ್ತಾರೆ. ಪಾದದಿಂದ ಮೊಣಕಾಲಿನವರೆಗೆ ಕೆಂಪು ಕೆಸರು. ಕುಂಜೆ ಜಗಲಿಯ ಮೇಲೆ ನಿಂತಿದ್ದಾರೆ. ಹೆಜ್ಜೆಯ ಸದ್ದಿಗೇ, “ಅಮಾಯಿ ಒದ್ದೆಯಾಗಿದ್ದಾರೆ, ಯಾರಾದ್ರೂ ಚಹಾ ತನ್ನಿ!” ಎಂದು ಒಳಗೆ ಕೂಗುತ್ತಾರೆ.

ಗಂಟು ಬಿಚ್ಚಲು ನಾಲ್ಕು ನಿಮಿಷ. ಯಂತ್ರ ಒಮ್ಮೆ ಕೆಮ್ಮಿ, ಹಾಳೆಯನ್ನು ಎಳೆದುಕೊಂಡು, ಟಕಟಕಟಕ ಎಂದು ಒತ್ತತೊಡಗುತ್ತದೆ. ಗೋಡೆಗಳಿಗೆಲ್ಲ ಜೀವ ಬಂದ ಹಾಗಾಗುತ್ತದೆ. ಒತ್ತಿದ್ದು ಹೋದ ವರ್ಷದ ಲೆಕ್ಕದ ಪತ್ರಿಕೆ. ಕುಂಜೆ ತಾವು ಮುಟ್ಟುವುದಿಲ್ಲ. ಹಾಳೆಯನ್ನು ಬಾಗಿಲ ಬಳಿ ನಿಂತಿದ್ದ ಫಾಯಿನೆಸ್ ಕೈಗೆ ಕೊಡುತ್ತಾರೆ.

ಹುಡುಗಿಯ ಬೆರಳು ಎಡದಿಂದ ಬಲಕ್ಕೆ ಸರಿಯುತ್ತದೆ. ಒಂದು ಕಡೆ ನಿಲ್ಲುತ್ತದೆ. ಹಿಂದಕ್ಕೆ ಹೋಗಿ ಮತ್ತೆ ಬರುತ್ತದೆ.

“ಇಲ್ಲಿ ಆವರಣ ಮುಚ್ಚುತ್ತೆ,” ಎನ್ನುತ್ತಾಳೆ. “ಏಳನೇ ಪ್ರಶ್ನೆ. ಮುಚ್ಚಿದ್ದನ್ನ ಅವನು ಓದಲೇ ಇಲ್ಲ ಸಾರ್. ನಾನು ತೆರೆದಿಟ್ಕೊಂಡೇ ಲೆಕ್ಕ ಮಾಡ್ದೆ.” ಆಮೇಲೆ ಅಲ್ಲೇ ನಿಂತು, ಬಾಯಿಯಲ್ಲೇ ಉತ್ತರ ಹೇಳುತ್ತಾಳೆ. ಕುಂಜೆ “ಸರಿ” ಎನ್ನುವಷ್ಟರಲ್ಲಿ ಎಂಟನೆಯದಕ್ಕೆ ಹೋಗಿರುತ್ತಾಳೆ.

ಎನಿಫಾ ಅಲ್ಲಿದ್ದ ಒಂದು ಸ್ಟೂಲಿನ ಮೇಲೆ ಕುಸಿದು ಕೂತು, ಬಿಸಿ ಚಹಾವನ್ನು ಮೂರೇ ಗುಟುಕಿಗೆ ಮುಗಿಸುತ್ತಾರೆ.

ಭಾನುವಾರ ಮಧ್ಯಾಹ್ನ ಹೆಡ್‌ಮಾಸ್ಟರರ ಎದುರಿಗೆ ನಿಜವಾದ ಪ್ರಶ್ನೆಪತ್ರಿಕೆ ಒತ್ತಲಾಗುತ್ತದೆ. ಒಂಬತ್ತು ಪ್ರತಿ, ಒಂದೂ ಕೆಡದೆ. ಆ ಹೊತ್ತಿಗೆ ಎನಿಫಾ ತಮ್ಮ ಕೋಣೆಯಲ್ಲಿ ಕೂತು ಹಳೆಯ ಪಟ್ಟಿ ಹೋದ ಎಂಟು ಊರುಗಳಿಗೂ ಫೋನ್ ಮಾಡಿ ಮುಗಿಸಿರುತ್ತಾರೆ. ಎಲ್ಲ ಕಡೆಯೂ ಒಂದೇ ಮಾತು: “ನಾನು ತಪ್ಪು ಪಟ್ಟಿ ಕಳಿಸಿದೀನಿ, ಹಾಕಬೇಡಿ.” ಕೆಲವರು ನಕ್ಕರು. ಮೀನುಗಾರರ ಸಂಘದ ಅಧ್ಯಕ್ಷರಂತೂ, ತಮ್ಮ ಪಟ್ಟಿ ಜಿಲ್ಲೆಗೆಲ್ಲ ಹಂಚಿಕೆಯಾಯಿತೆಂದು ಹೆಮ್ಮೆಪಟ್ಟುಕೊಂಡರು.

ಮುಂದೇನು ಆಸೆ ಎಂದು ಕೇಳಿದರೆ ಅವರು ಹೊಸ ಡಬ್ಬಿ ಬೇಕು, ಗಟ್ಟಿ ಬ್ಯಾಟರಿ ಬೇಕು ಎನ್ನುವುದಿಲ್ಲ. “ನಾನು ಇಲ್ಲ ಅಂದ ತಕ್ಷಣ ಯಾರೂ ನಂಬಬಾರ್ದು,” ಎನ್ನುತ್ತಾರೆ. “ಯಾವತ್ತಿನ ಪಟ್ಟಿ ನೋಡಿದ್ರಿ ಅಂತ ತಿರುಗಿ ಕೇಳ್ಬೇಕು. ಕುಂಜೆ ಮೇಷ್ಟ್ರು ಅವತ್ತು ಅಷ್ಟು ಒಳ್ಳೆಯವರಾಗಬಾರ್ದಿತ್ತು.”

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಅವರ ಫೋನು ಮೊಳಗುತ್ತದೆ. ಕುಂಜೆ. ಪಿಸುದನಿಯಲ್ಲಿ ಮಾತಾಡುತ್ತಿದ್ದಾರೆ. ಓದಿ ಹೇಳುವ ಮನುಷ್ಯನಿಗೆ ಬರಬೇಡ ಎಂದು ತಿಳಿಸುವುದು ಮರೆತು, ಅವನು ಬಂದೇಬಿಟ್ಟಿದ್ದನಂತೆ. ಎರಡು ಬೋಂಡಾ, ಒಂದು ಲೋಟ ಚಹಾ ಕೊಟ್ಟು ಕಳಿಸಿಕೊಟ್ಟರಂತೆ.

“ನಾನೀಗ ಪರೀಕ್ಷೆ ಕೋಣೆಯ ಕಿಟಕಿ ಹೊರಗಿದೀನಿ. ಕೇಳಿ ಅಮಾಯಿ,” ಎಂದು ಫೋನನ್ನು ಕಿಟಕಿಗೆ ಹಿಡಿಯುತ್ತಾರೆ.

ಎನಿಫಾ ಕಿವಿಗೊಟ್ಟು ಕೇಳುತ್ತಾರೆ. ಯಾರೂ ಓದಿ ಹೇಳುತ್ತಿಲ್ಲ, ಯಾರೂ ಕೇಳುತ್ತಿಲ್ಲ. ದಪ್ಪ ಕಾಗದದ ಮೇಲೆ ತೊಂಬತ್ತು ಬೆರಳು ಸರಿದಾಡುವ, ಒಣ ಎಲೆ ಸರಿದಂಥ ಸದ್ದು ಮಾತ್ರ. ಅಷ್ಟರಲ್ಲಿ ಒಬ್ಬರು ಹಾಳೆ ತಿರುಗಿಸುತ್ತಾರೆ.

“ಕೇಳಿಸ್ತಾ?”

“ಕೇಳಿಸ್ತು. ಫೋನ್ ಇಡಿ ಮೇಷ್ಟ್ರೇ,” ಎನ್ನುತ್ತಾರೆ ಎನಿಫಾ. “ಮಕ್ಕಳು ಓದ್ತಾ ಇದ್ದಾರೆ.”